ಜಾಹೇದಾ ನಡೆಸಿದ ತಂಡ

ಜಾಹೇದಾ ಕಮಲಾಪುರದ ಮಲಂಗಸಾಬರ ಎರಡನೆಯ ಮಗಳು. ಮಲಂಗಸಾಬರದು ಕೆಂಪು ಬಾಳೆಯ ವ್ಯಾಪಾರ. ಊರ ಸುತ್ತಲಿನ ತೋಟಗಳಲ್ಲಿ ಗೊನೆ ಕೊಂಡು ಸಂತೆಗೂ ಕಲಬುರಗಿಯ ಹಣ್ಣಿನ ಅಂಗಡಿಗಳಿಗೂ ಹಾಕುತ್ತಿದ್ದರು. ಕನ್ನಡ ಶಾಲೆಯಲ್ಲಿ ಓದಿ ಪಿಯುಸಿ ಮುಗಿಸಿದ ಮಗಳನ್ನು ಅವರು ಕಲಬುರಗಿಯ ದರ್ಗಾದ ಬಳಿಯ ರೋಜಾ ಓಣಿಯಲ್ಲಿದ್ದ ಜಹೀರುದ್ದೀನ್‌ಗೆ ಕೊಟ್ಟದ್ದು 2005ರ ಬೇಸಿಗೆಯಲ್ಲಿ. ಹುಡುಗ ಎತ್ತರದ ಆಳು, ಮೆತ್ತಗೆ ಮಾತಾಡುವವನು. ಕಾಲೇಜಿನಲ್ಲಿದ್ದಾಗ ಬಾಸ್ಕೆಟ್‌ಬಾಲ್ ಆಡಿ ವಿಶ್ವವಿದ್ಯಾಲಯದ ತಂಡದವರೆಗೂ ಹೋಗಿದ್ದ. ಆದರೆ ಆಟದಿಂದ ಅನ್ನ ಹುಟ್ಟಲಿಲ್ಲ. ಮದುವೆಯಾಗಿ ಎರಡು ತಿಂಗಳು ತುಂಬುವ ಮೊದಲೇ ಕತಾರಿನ ವೀಸಾ ಬಂತು. ದೋಹಾದ ಒಂದು ಕಂಪನಿಯ ಗೋದಾಮಿನಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸ. ಹೋದ.

ಅಲ್ಲಿ ಅವನ ಕೋಣೆಯಲ್ಲಿದ್ದವರು ಫಿಲಿಪೀನ್ಸಿನವರು. ಆ ಮಂದಿಗೆ ಬಾಸ್ಕೆಟ್‌ಬಾಲ್ ಎಂದರೆ ಊಟಕ್ಕಿಂತ ಹೆಚ್ಚು. ಡಾನಿಲೋ ಎಂಬವನು ಪ್ರತಿ ವರ್ಷ ಇಂಟರ್‌ನೆಟ್ಟಿನಲ್ಲಿ ಒಂದು ಲೀಗ್ ನಡೆಸುತ್ತಿದ್ದ. ಅಮೆರಿಕದಲ್ಲಿ ನಿಜವಾಗಿ ಆಡುವ ಆಟಗಾರರನ್ನು ಇವರು ತಮ್ಮತಮ್ಮಲ್ಲಿ ಹಂಚಿಕೊಂಡು ಕಾಗದದ ಮೇಲಿನ ತಂಡ ಕಟ್ಟುವುದು. ಆ ಆಟಗಾರ ಅಲ್ಲಿ ಎಷ್ಟು ಬುಟ್ಟಿ ಹಾಕಿದ, ಎಷ್ಟು ಚೆಂಡು ಹಿಡಿದ ಎಂಬುದರ ಮೇಲೆ ಇಲ್ಲಿ ಅವನ ಮಾಲಕನಿಗೆ ಅಂಕ. ವಾರಕ್ಕೊಬ್ಬರ ಎದುರು ಪಂದ್ಯ. ಯಾರಿಗಾದರೂ ಪೆಟ್ಟಾದರೆ ಅವನನ್ನು ಕೈಬಿಟ್ಟು, ಯಾರ ತಂಡದಲ್ಲೂ ಇಲ್ಲದವನೊಬ್ಬನನ್ನು ಎತ್ತಿಕೊಳ್ಳಬಹುದು. ಮೊದಲು ಕೈ ಹಾಕಿದವನಿಗೆ ಅವನು ಸಿಗುತ್ತಾನೆ. ಜಹೀರುದ್ದೀನ್ ಮೊದಲ ವರ್ಷವೇ ಎರಡನೆಯವನಾಗಿ ಬಂದ. ಆ ಸುದ್ದಿಯನ್ನು ಅವನು ಫೋನಿನಲ್ಲಿ ಹೇಳಿದಾಗ ಜಾಹೇದಾಳಿಗೆ ಏನೂ ಅರ್ಥವಾಗಿರಲಿಲ್ಲ. ಅವನು ನಗುತ್ತಿದ್ದಾನೆ ಎಂಬುದು ಮಾತ್ರ ತಿಳಿದಿತ್ತು.

ಎರಡನೆಯ ವರ್ಷ ತಂಡ ಕಟ್ಟಿಯಾದ ಮೇಲೆ, ಆಟಗಳು ಶುರುವಾಗುವ ಹೊತ್ತಿಗೆ, ಕಂಪನಿ ಅವನನ್ನು ದೋಹಾದಿಂದ ಎಷ್ಟೋ ದೂರದ ಮರುಭೂಮಿಯ ಕಾಮಗಾರಿಗೆ ಕಳಿಸಿತು. ಅಲ್ಲಿ ಸಾಲುಸಾಲು ತಗಡಿನ ಕೋಣೆಗಳು, ಊಟದ ಮನೆ, ಎರಡು ಫೋನುಗಳು. ಇಂಟರ್‌ನೆಟ್ ಇರಲಿಲ್ಲ. ಆ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಫೋನು ಮಾಡಿದವನು, ತಂಡವನ್ನು ಇನ್ನು ಮುಂದೆ ನೀನೇ ನೋಡಿಕೊಳ್ಳಬೇಕು ಎಂದ. ನನಗೆ ಆ ಆಟವೇ ಗೊತ್ತಿಲ್ಲವಲ್ಲ ಎಂದಳು. ನಾನು ಹೇಳಿದವನನ್ನು ಬಿಡು, ಹೇಳಿದವನನ್ನು ತಗೋ, ಅಷ್ಟೇ ಎಂದ. ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಬರೆದುಕೊಂಡು ನೋಡಿದರೆ ಅದು ಅವಳದೇ ಹೆಸರು.

ಫೋನಿನಲ್ಲಿ ಇಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದರು. ಮನೆಯ ಮಾತು ದಖನಿ ಉರ್ದುವೇ. ಆದರೆ ಅಲ್ಲಿ ಅವನ ಬೆನ್ನ ಹಿಂದೆ ಸಾಲಾಗಿ ನಿಂತವರು ಹೈದರಾಬಾದಿನವರು, ಲಾಹೋರಿನವರು. ಉರ್ದುವಿನಲ್ಲಿ ಒಂದು ಮಾತಾಡಿದರೂ ಅಷ್ಟೂ ಮಂದಿಗೆ ತಿಳಿಯುತ್ತಿತ್ತು. ಈ ಕಡೆ ಅಂಥ ಉಪಾಯ ನಡೆಯುವಂತಿರಲಿಲ್ಲ. ಫೋನಿದ್ದದ್ದು ನಡುಮನೆಯ ಕಿಟಕಿಯಲ್ಲಿ, ಕಿಟಕಿಯ ಕೆಳಗೆ ಅತ್ತೆ ಚಾಂದಬಿಯ ಮಂಚ. ಚಾಂದಬಿಗೆ ಸಂತೆಯ ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

ತಂಡದ ಮಾತು ಕೇಳಿ ಚಾಂದಬಿ ಮೊದಲು ಒಪ್ಪಲಿಲ್ಲ. ಇದು ಸಟ್ಟಾ, ಜೂಜು ಅಲ್ಲದೆ ಮತ್ತೇನು ಎಂದಳು. ಒಂದು ಪೈಸೆಯ ಮಾತೂ ಇಲ್ಲ, ಕೊನೆಗೆ ಬಂದವನು ಉಳಿದವರಿಗೆಲ್ಲ ಅಡುಗೆ ಮಾಡಿ ಹಾಕಬೇಕು, ಅಷ್ಟೇ ಎಂದು ಮಗ ಆಣೆ ಮಾಡಿದ ಮೇಲೆ ಸುಮ್ಮನಾದಳು. ಸೊಸೆ ಸೈಬರ್ ಅಂಗಡಿಗೆ ಹೋಗುವುದೂ ಅವಳಿಗೆ ಸೇರಿರಲಿಲ್ಲ. ಆದರೆ ಅಂಗಡಿ ದರ್ಗಾದ ರಸ್ತೆಯಲ್ಲೇ ಇತ್ತು, ಅದರ ಮಾಲಕ ಅಮೋಘಪ್ಪ ವಯಸ್ಸಾದವನು, ಹಿಂದೆ ಜಹೀರುದ್ದೀನ್‌ಗೆ ಟೈಪಿಂಗ್ ಕಲಿಸಿದವನು.

ಅಮೋಘಪ್ಪನ ಟೈಪಿಂಗ್ ಶಾಲೆ ಸೈಬರ್ ಅಂಗಡಿಯಾಗಿ ಮೂರ್ನಾಲ್ಕು ವರ್ಷವಾಗಿತ್ತು. ಹಿಂದಿನ ಕೋಣೆಯಲ್ಲಿ ಟೈಪ್‌ರೈಟರುಗಳು ಬಟ್ಟೆ ಹೊದ್ದು ಕೂತಿದ್ದವು. ಮುಂದೆ ಆರು ಕಂಪ್ಯೂಟರು. ಅವನು ಜಾಹೇದಾಳಿಗೆ ಬಾಗಿಲ ಪಕ್ಕದ ಕಂಪ್ಯೂಟರು ಕೊಟ್ಟ, ಮೌಸ್ ಹಿಡಿಯುವುದನ್ನು ತೋರಿಸಿದ, ಇಂಗ್ಲಿಷಿನಲ್ಲಿ ಇದ್ದದ್ದನ್ನು ಓದಿ ಹೇಳಿದ. ಹೆಸರಿನ ಮುಂದೆ ಕೆಂಪು ಗುರುತು ಬಂದರೆ ಪೆಟ್ಟಾಗಿದೆ ಎಂದು ಅರ್ಥ. ಕೈಬಿಡಲು ಒಂದು ಗುಂಡಿ, ಎತ್ತಿಕೊಳ್ಳಲು ಒಂದು ಗುಂಡಿ. ಮೊದಮೊದಲು ಯಾವನನ್ನೋ ಬಿಡಲು ಹೋಗಿ ಮತ್ತೊಬ್ಬನನ್ನು ಬಿಟ್ಟುಬಿಟ್ಟರೆ ಏನು ಗತಿ ಎಂದು ಅಮೋಘಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಗುಂಡಿ ಒತ್ತುತ್ತಿದ್ದಳು.

ಆಟಗಾರರ ಹೆಸರು ನಾಲಿಗೆಗೆ ಹೊರಳುತ್ತಿರಲಿಲ್ಲ. ಪಕ್ಕದಲ್ಲಿದ್ದ ಚಿಕ್ಕ ಚಿತ್ರಗಳನ್ನು ನೋಡಿ ಅವಳೇ ಹೆಸರಿಟ್ಟಳು. ಒಬ್ಬ ಗಡ್ಡದವ, ಒಬ್ಬ ಉದ್ದಗೈಯವ, ಒಬ್ಬ ನಗುಮುಖದವ. ಎಲ್ಲರಿಗಿಂತ ಹಿರಿಯನಾದ, ಕೆನ್ನೆ ಬತ್ತಿದ ಒಬ್ಬನಿಗೆ ಅಜ್ಜ ಎಂದಳು. ಮೂವತ್ತೇಳರ ಆಸುಪಾಸಿನವನು, ಎರಡೂ ಮೊಣಕಾಲು ಸೋತವನು. ಜಹೀರುದ್ದೀನ್‌ಗೂ ಆ ಹೆಸರುಗಳು ಹಿಡಿಸಿದವು. ಶುಕ್ರವಾರ ಫೋನು ಬಂತೆಂದರೆ ಗಡ್ಡದವ ಹೇಗಿದ್ದಾನೆ, ಉದ್ದಗೈಯವನ ಪಾದದ ನೋವು ಇಳಿಯಿತೆ, ನಗುಮುಖದವ ಮೊನ್ನೆ ಎಷ್ಟು ಹಾಕಿದ ಎಂದು ಶುರುಮಾಡುತ್ತಿದ್ದ. ಅವನ ದನಿ ಏರುತ್ತಿತ್ತು. ಅವಳು ಬರೆದಿಟ್ಟುಕೊಂಡದ್ದನ್ನು ಓದುತ್ತಿದ್ದಳು. ಅಜ್ಜನ ಹೆಸರಿನ ಮುಂದೆ ವಾರವಾರವೂ ಕೆಂಪು ಗುರುತೇ ಇರುತ್ತಿತ್ತು. ಆದರೂ ಅವನನ್ನು ಬಿಡಬೇಡ ಎನ್ನುತ್ತಿದ್ದ. ಅಷ್ಟರಲ್ಲಿ ಅವನು ಕೊಂಡ ಫೋನ್ ಕಾರ್ಡಿನ ನಿಮಿಷಗಳು ಮುಗಿದು ಫೋನು ಕಡಿಯುತ್ತಿತ್ತು.

ಫೋನಿಟ್ಟ ಮೇಲೆ ಅವಳು ಸ್ವಲ್ಪ ಹೊತ್ತು ಕಿಟಕಿಯ ಹತ್ತಿರವೇ ನಿಲ್ಲುವಳು. ಹೇಳಬೇಕೆಂದುಕೊಂಡ ಮಾತುಗಳು ಹಾಗೇ ಉಳಿದಿರುತ್ತಿದ್ದವು. ದಸರೆಯ ಹೊತ್ತಿಗೆ ದವಡೆ ಹಲ್ಲು ಕೀಳಿಸಿದ್ದು, ಮಳೆಗಾಲದಲ್ಲಿ ಮಾಳಿಗೆ ಸೋರಿ ಅವನ ಹಳೆಯ ಅಂಗಿಗಳ ಪೆಟ್ಟಿಗೆ ನೆನೆದು ಅಂಗಿಗಳನ್ನೆಲ್ಲ ಒಗೆದು ಒಣಗಿಸಿ ಮಡಿಚಿಟ್ಟದ್ದು. ಅವನ ಮುಖ ಅವಳಿಗೆ ಈಗ ಪೂರ್ತಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಮದುವೆಯ ಫೋಟೋದಲ್ಲಿದ್ದ ಮುಖ ಬೇರೆ, ಅವಳು ನೋಡಿದ್ದು ಬೇರೆ. ಅವನು ಊರಲ್ಲಿದ್ದಾಗ ಒಂದು ಸಂಜೆ ಕಾಲೇಜಿನ ಮೈದಾನಕ್ಕೆ ಕರೆದುಕೊಂಡು ಹೋಗಿದ್ದ. ಯಾರೂ ಇರಲಿಲ್ಲ. ಚೆಂಡನ್ನು ಅವಳ ಕೈಗೆ ಕೊಟ್ಟು ಹಾಕು ಎಂದ. ಬುರ್ಖಾದ ತೋಳು ಮೇಲೇರಿಸಿ ಎಸೆದಳು. ಚೆಂಡು ಬುಟ್ಟಿಯ ಅರ್ಧ ಎತ್ತರಕ್ಕೂ ಹೋಗಲಿಲ್ಲ. ಅವನು ಓಡಿಹೋಗಿ ಅದನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದು ತಿರುಗಿ ನೋಡಿದ. ಹಾಗೆ ತಿರುಗಿದ ಮುಖ ಮಾತ್ರ ಅವಳ ಕಣ್ಣಿನಲ್ಲಿ ಗಟ್ಟಿಯಾಗಿ ನಿಂತಿತ್ತು.

ಡಿಸೆಂಬರಿನಲ್ಲಿ ಆ ದರ್ಗಾದ ಸಂತ ಬಂದೇನವಾಜರ ಉರುಸು ಬಂತು. ರೋಜಾದ ರಸ್ತೆಗಳಲ್ಲಿ ಕಾಲಿಡಲು ಜಾಗವಿಲ್ಲ. ಲಾಡ್ಜುಗಳು ತುಂಬಿ, ಬೀದರಿನಿಂದ, ಸೊಲ್ಲಾಪುರದಿಂದ ಬಂದ ನೆಂಟರಿಂದ ಮನೆಯೂ ತುಂಬಿತು. ಜಾಹೇದಾ ರೊಟ್ಟಿ ತಟ್ಟುವುದರಲ್ಲಿ, ಹಾಸಿಗೆ ಹಾಸುವುದರಲ್ಲಿ ಮುಳುಗಿದಳು. ಒಂದು ಶುಕ್ರವಾರ ಜಹೀರುದ್ದೀನ್‌ನ ಫೋನೂ ಬರಲಿಲ್ಲ. ಉರುಸು ಮುಗಿದು ಅಂಗಡಿಗೆ ಹೋಗಿ ನೋಡಿದರೆ ತಂಡ ಸತತವಾಗಿ ಸೋತು ಕೆಳಗಿನಿಂದ ಎರಡನೆಯ ಸ್ಥಾನದಲ್ಲಿತ್ತು. ಇನ್ನೊಂದು ಮೆಟ್ಟಿಲು ಇಳಿದರೆ ಇಡೀ ಕೋಣೆಗೆ ಅಡುಗೆ ಮಾಡಬೇಕಾದವನು ಅವಳ ಗಂಡ. ಅವಳಿಗೆ ಅದನ್ನು ಸಹಿಸಲಾಗಲಿಲ್ಲ.

ಅಷ್ಟು ದಿನಗಳಲ್ಲಿ ಅವಳಿಗೂ ಆಟದ ಗತಿ ಸ್ವಲ್ಪ ತಿಳಿದಿತ್ತು. ಅಜ್ಜ ಆಡದೆ ತಿಂಗಳಾಗುತ್ತ ಬಂದಿತ್ತು. ಅವನ ಜಾಗ ಖಾಲಿ ಇದ್ದಂತೆಯೇ ಲೆಕ್ಕ. ಯಾರ ತಂಡದಲ್ಲೂ ಇಲ್ಲದವರಲ್ಲಿ ಹೊಸಬನೊಬ್ಬನಿದ್ದ. ಅಂಕ ಕಡಿಮೆ, ಆದರೆ ಕಳೆದ ಮೂರ್ನಾಲ್ಕು ಆಟಗಳಲ್ಲಿ ಅವನನ್ನು ಮೈದಾನದಲ್ಲಿ ಹೆಚ್ಚು ಹೊತ್ತು ಇಟ್ಟಿದ್ದರು. ಅವಳು ಅದನ್ನು ಅಮೋಘಪ್ಪನಿಗೆ ತೋರಿಸಿದಳು. ಅವನು ಕನ್ನಡಕ ಮೇಲೇರಿಸಿ ನೋಡಿದ.

“ಜಹೀರ್ ಬ್ಯಾಡ ಅಂದಾನಲ್ಲ, ತಂಗಿ.”

“ಅವರು ಅಲ್ಲಿ ಕೂತಾರ್ರಿ ಸರ್. ಸೋಲಾಕತ್ತಿದ್ದು ಇಲ್ಲಿ ನನ್ನ ಕಣ್ಣಿಗೆ ಕಾಣ್ತದ.”

ಅಮೋಘಪ್ಪ ಚಹಾ ತರಿಸಲು ಹೊರಗೆ ಹೋದ. ಅವಳು ಅಜ್ಜನನ್ನು ಬಿಟ್ಟು ಹೊಸಬನನ್ನು ಎತ್ತಿಕೊಂಡಳು. ಅಂದು ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಹೊಸಬ ಆಡಿದ. ಎಷ್ಟು ಚೆನ್ನಾಗಿ ಆಡಿದನೆಂದರೆ ಮರುವಾರ ಪಂದ್ಯ ಗೆದ್ದರು, ಅದರ ಮರುವಾರವೂ ಗೆದ್ದರು. ಅವಳಿಗೆ ಧೈರ್ಯ ಬಂತು. ವಾರಕ್ಕೊಬ್ಬನನ್ನು ಬಿಟ್ಟಳು, ಒಬ್ಬನನ್ನು ಎತ್ತಿಕೊಂಡಳು. ತಂಡ ಮೇಲೇರಿ ಐದನೆಯ ಸ್ಥಾನಕ್ಕೆ ಬಂತು. ಜಹೀರುದ್ದೀನ್ ಅಜ್ಜನ ಬಗ್ಗೆ ಕೇಳಿದಾಗಲೆಲ್ಲ ಇದ್ದಾನೆ ಎಂದಳು. ಹಾಗೆ ಹೇಳುವಾಗ ಅವಳ ಕೈ ಫೋನಿನ ವೈರನ್ನು ಸುತ್ತಿ ಬಿಡಿಸುತ್ತಿತ್ತು, ಮಂಚದ ಮೇಲಿಂದ ಚಾಂದಬಿ ಅದನ್ನು ನೋಡುತ್ತಿದ್ದಳು.

ಫೆಬ್ರುವರಿಯಲ್ಲಿ ಜಹೀರುದ್ದೀನ್‌ಗೆ ದೋಹಾಕ್ಕೆ ಹೋಗಿಬರುವ ಕೆಲಸ ಬಿತ್ತು. ಅಲ್ಲಿ ಡಾನಿಲೋ ನಗುತ್ತ, ನಿನ್ನ ಮುದುಕನನ್ನು ನಾನು ಎತ್ತಿಕೊಂಡೆ, ಈಗ ಮತ್ತೆ ಆಡತೊಡಗಿದ್ದಾನೆ ಎಂದನಂತೆ. ಆ ಶುಕ್ರವಾರ ಫೋನಿನಲ್ಲಿ ಜಹೀರುದ್ದೀನ್ ಸಲಾಂ ಹೇಳಿದ. ಆಮೇಲೆ ಕೇಳಿದ.

“ಅಜ್ಜನ್ನ ಬಿಟ್ಟೀಯಂತ?”

“ಹೌದ್ರಿ.”

“ಒಂದು ಮಾತು ನನ್ನ ಕೇಳಬೇಕಿತ್ತು.”

ಬೇರೆ ದಿನವಾಗಿದ್ದರೆ ಅವಳು ತಪ್ಪಾಯಿತು ಎಂದುಬಿಡುತ್ತಿದ್ದಳೇನೋ. ಹಿಂದಿನ ವಾರವಷ್ಟೇ ಅವನು ಮಾರ್ಚಿನಲ್ಲಿ ಸಿಗಬೇಕಾದ ರಜೆ ಸಿಗುವುದಿಲ್ಲ, ಕಾಮಗಾರಿ ಮುಗಿಯುವ ತನಕ ಯಾರನ್ನೂ ಬಿಡುವುದಿಲ್ಲವಂತೆ ಎಂದು ಹೇಳಿದ್ದ. ಹೇಳಿದ ಕೂಡಲೇ ಉದ್ದಗೈಯವನ ಮಾತಿಗೆ ಹೊರಳಿದ್ದ. 

“ಕೇಳಾಕ ನೀವು ಜಾಗಾ ಎಲ್ಲಿ ಕೊಟ್ಟೀರಿ?” ಎಂದಳು. “ಜುಮ್ಮಾಕ್ಕೊಮ್ಮೆ ಫೋನ್ ಮಾಡ್ತೀರಿ. ಕಾಣದ ಊರಿನ ಯಾವನದೋ ಮೊಣಕಾಲು ಹೆಂಗದ ಅಂತ ಕೇಳ್ತೀರಿ. ಅಂವನ ಪಾದ, ಇಂವನ ಬೆನ್ನು. ದಸರಾದಾಗ ನನಗ ದವಡಿ ಹಲ್ಲು ಕಿತ್ತಾರ. ಮಾರಿ ಬಾತು ಗಂಜಿ ಕುಡಕೋತ ಬಿದ್ದಿದ್ದೆ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ರಜಾ ಇಲ್ಲ ಅಂದ್ರಿ, ಅದನ್ನೂ ನಾ ನುಂಗಿಕೊಂಡೆ. ನನ್ನ ಹೆಸರು ಪಾಸ್‌ವರ್ಡಿಗಷ್ಟೇ ಬೇಕೇನ್ರಿ?”

ಚಾಂದಬಿ ಮಂಚದಿಂದ ಎದ್ದಳು. ಜಾಹೇದಾ ಬೈಗುಳ ಬರುತ್ತದೆಂದು ಕಾದಳು. ಚಾಂದಬಿ ಸೆರಗು ಹೊದ್ದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಆ ಕಡೆಯಿಂದ ಗಾಳಿ ತಗಡಿಗೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

“ಇಲ್ಲಿ ಹೇಳಾಕ ಏನೂ ಇಲ್ಲ, ಜಾಹೇದಾ,” ಎಂದ. “ಮುಂಜಾನೆ ಬಸ್ಸು, ಬಿಸಿಲು, ಸಂಜೀಕ ಬಸ್ಸು. ನೀ ಹೆಂಗಿದ್ದಿ ಅಂತ ಕೇಳಿದ್ರ ಬರ್ರಿ ಅಂತೀ ಅಂತ ಅಂಜಿಕಿ. ನೀ ಬರ್ರಿ ಅಂದ್ರ ನನಗ ಬರಾಕ ಆಗೂದಿಲ್ಲ. ಆಮ್ಯಾಲ ವಾರಪೂರ್ತಿ ಅದೇ ಕಿವ್ಯಾಗ ಇರ್ತದ. ಆಟದ ಮಾತಾದ್ರ ನೀನೂ ಮಾತಾಡ್ತಿ, ನಾನೂ ಮಾತಾಡ್ತೀನಿ. ನಿನ್ನ ದನಿ ಕೇಳಾಕ ಸಿಗ್ತದ.”

ಅವಳು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಕಡಿಯಿತು.

ಆ ವಾರ ಅವಳು ಸೈಬರ್ ಅಂಗಡಿಗೆ ಹೋಗಲಿಲ್ಲ. ಮಂಗಳವಾರ ಮಧ್ಯಾಹ್ನ ಫೋನು ಬಡಿಯಿತು. ಶುಕ್ರವಾರ ಬಿಟ್ಟು ಬೇರೆ ದಿನ ಅವನು ಎಂದೂ ಫೋನು ಮಾಡಿದವನಲ್ಲ, ಏನು ಕೆಟ್ಟ ಸುದ್ದಿಯೋ ಎಂದು ಓಡಿಬಂದಳು. ಅವನು ಯಾವ ಹಲ್ಲು, ಎಡಗಡೆಯದೋ ಬಲಗಡೆಯದೋ ಎಂದು ಕೇಳಿದ. ಬಲಗಡೆಯದು, ಕೆಳಗಿನದು ಎಂದಳು. ಈಗ ನೋವಿದೆಯೇ ಎಂದ. ಐದು ತಿಂಗಳಾಯಿತು, ಇನ್ನೆಲ್ಲಿಯ ನೋವು ಎಂದಳು. ಊಟದ ಬಿಡುವಿನಲ್ಲಿ ಬಂದಿದ್ದ, ಹಿಂದೆ ಸಾಲಿರಲಿಲ್ಲ. ಅವಳು ಸೋರಿದ ಮಾಳಿಗೆಯ ಮಾತು, ಅಂಗಿಗಳ ಮಾತು ಹೇಳಿದಳು. ನೀಲಿ ಅಂಗಿ ಬಣ್ಣ ಬಿಟ್ಟಿತೇ ಎಂದು ಅವನು ಕೇಳಿದ. ಬಿಟ್ಟಿದೆ, ಆದರೂ ಇಟ್ಟಿದ್ದೇನೆ ಎಂದಳು. ತಂಡದ ಮಾತನ್ನು ಅಂದು ಇಬ್ಬರೂ ಎತ್ತಲಿಲ್ಲ. ಕೊನೆಯಲ್ಲಿ ಅವನು, ಯಾರನ್ನು ಬಿಡಬೇಕೋ ಯಾರನ್ನು ತಗೋಬೇಕೋ ಇನ್ನು ಮುಂದೆ ನಿನಗೆ ತಿಳಿದ ಹಾಗೆ ಮಾಡು ಎಂದ.

ಮಾರ್ಚಿನಲ್ಲಿ ಅಕ್ಕನ ಬಾಣಂತನಕ್ಕೆಂದು ಜಾಹೇದಾ ಕಮಲಾಪುರಕ್ಕೆ ಹೋದಳು. ಊರಲ್ಲಿ ಆಗ ಇಂಟರ್‌ನೆಟ್ ಇರಲಿಲ್ಲ. ತಂಡ ಇನ್ನೇನು ಕೊನೆಯ ಸುತ್ತಿಗೆ ಏರುವಂತಿತ್ತು. ಮಲಂಗಸಾಬರು ಬಾಳೆಗೊನೆ ತುಂಬಿದ ಟೆಂಪೋದಲ್ಲಿ ನಸುಕಿಗೇ ಕಲಬುರಗಿಗೆ ಹೊರಟಾಗ ಅವಳೂ ಜೊತೆಗೆ ಹತ್ತುತ್ತಿದ್ದಳು. ಅಮೋಘಪ್ಪ ಬಾಗಿಲು ತೆರೆಯುವ ತನಕ ಅತ್ತೆಯ ಮನೆಯಲ್ಲಿ ಕೂತು, ತಂಡದ ಕೆಲಸ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳುತ್ತಿದ್ದಳು.

ಒಂದು ದಿನ ದಾರಿಯಲ್ಲಿ ಮಲಂಗಸಾಬರು ಇದೇನು ಕೆಲಸ ಎಂದು ಕೇಳಿದರು. ಅವಳು ವಿವರಿಸಿದಳು. ವ್ಯಾಪಾರಿಯಲ್ಲವೇ, ಬಿಡುವುದು, ಎತ್ತಿಕೊಳ್ಳುವುದು ಅವರಿಗೆ ಬೇಗ ಅರ್ಥವಾಯಿತು. ಹೊಸಬನನ್ನು ಬೇರೆಯವರು ನೋಡುವ ಮೊದಲೇ ಹಿಡಿದದ್ದಕ್ಕೆ ತಲೆದೂಗಿದರು ಕೂಡ. ಸ್ವಲ್ಪ ದೂರ ಹೋದ ಮೇಲೆ, ಇದರಲ್ಲಿ ಗೆದ್ದರೆ ಅಳಿಯನಿಗೆ ರಜೆ ಸಿಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ಇಷ್ಟೆಲ್ಲ ಯಾಕೆ ಎಂದರು. ಅವಳು ಹೊರಗೆ ನೋಡಿದಳು. ರಸ್ತೆಯ ಎರಡೂ ಕಡೆ ತೊಗರಿ ಕೊಯ್ದ ಹೊಲಗಳು ಖಾಲಿ ಬಿದ್ದಿದ್ದವು. ಗೊನೆಗಳ ವಾಸನೆ ಟೆಂಪೋದ ತುಂಬ ಇತ್ತು. ಮಲಂಗಸಾಬರು ಮತ್ತೆ ಕೇಳಲಿಲ್ಲ. ಆದರೆ ಮುಂದಿನ ವಾರ ಗೊನೆ ಕಡಿಮೆ ಇದ್ದರೂ ಟೆಂಪೋ ಹೊರಡಿಸಿದರು.

ಕೊನೆಯ ಸುತ್ತಿನಲ್ಲಿ ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಡಾನಿಲೋನ ಎದುರು ಸೋತರು. ತಂಡ ನಾಲ್ಕನೆಯದಾಗಿ ನಿಂತಿತು. ಏಪ್ರಿಲ್ ನಡುವಿಗೆ ಆಟಗಳು ಮುಗಿದವು. ಮುಂದಿನ ಶುಕ್ರವಾರ ಕಮಲಾಪುರದ ಮನೆಗೆ ಫೋನು ಬಂದಾಗ ಇಬ್ಬರ ಹತ್ತಿರವೂ ಹೇಳಲು ಏನೂ ಇರಲಿಲ್ಲ.  ನಿಧಾನವಾಗಿ ಮಾತು ಕಲಿತರು. ಅವನು ತಗಡಿನ ಕೋಣೆಯಲ್ಲಿ ಸಾಕಿದ ಬೆಕ್ಕಿನ ಕತೆ ಹೇಳಿದ. ಅವಳು ಅಕ್ಕನ ಕೂಸನ್ನು ಫೋನಿನ ಹತ್ತಿರ ಹಿಡಿದು ಅದರ ಅಳು ಕೇಳಿಸಿದಳು. ಒಮ್ಮೆ ಧೈರ್ಯ ಮಾಡಿ, ಬರ್ರಿ ಎಂದೂ ಅಂದಳು. ಅವನು ಬರ್ತೀನಿ ಎಂದ. ಯಾವಾಗ ಎಂದು ಅವಳು ಕೇಳಲಿಲ್ಲ.

ಅವನು ಬಂದದ್ದು ಸೆಪ್ಟೆಂಬರಿನಲ್ಲಿ, ರಮಜಾನ್ ಶುರುವಾಗುವ ಹೊತ್ತಿಗೆ. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು, ಕತ್ತು ಸುಟ್ಟು ಕಪ್ಪಾಗಿತ್ತು. ಮೊದಲ ದಿನಗಳಲ್ಲಿ ಇಬ್ಬರಿಗೂ ನಾಚಿಕೆ. ಫೋನಿನಲ್ಲಿ ಅಷ್ಟು ಮಾತಾಡಿದವರು ಎದುರೆದುರು ಕೂತು ಚಹಾದ ಸಕ್ಕರೆಯ ಮಾತಾಡಿದರು. ಅವಳಿಗೆ ಸಕ್ಕರೆ ಎಷ್ಟು ಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಒಮ್ಮೆ ಕತ್ತಲಾಗಿ ವಿದ್ಯುತ್ ಹೋದಾಗ, ಯಾರ ಮುಖವೂ ಕಾಣದಿದ್ದಾಗ, ಅವನು ನಡುಮನೆಯಲ್ಲಿ ಕೂತು ಕನ್ನಡದಲ್ಲಿ ಮಾತು ಶುರುಮಾಡಿದ. ಅವಳು ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು. ಹಾಗೆ ಮಾತು ಹರಿಯಿತು. ಚಾಂದಬಿ ಮಂಚದ ಮೇಲೆ ನಿದ್ದೆ ಬಂದವಳಂತೆ ಮಲಗಿದ್ದಳು.

ರಜೆ ಓಡಿತು. ಈದ್ ಮುಗಿದ ವಾರ ಅವನು ಹೊರಡಬೇಕು. ಹೊರಡುವ ಮುನ್ನ ಅವಳನ್ನು ಅಮೋಘಪ್ಪನ ಅಂಗಡಿಗೆ ಕರೆದೊಯ್ದು ಬಾಗಿಲ ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿದ. ಈ ವರ್ಷ ತನ್ನನ್ನು ದೋಹಾದಲ್ಲೇ ಇಡುತ್ತಾರೆ, ಅಲ್ಲಿ ಇಂಟರ್‌ನೆಟ್ ಇದೆ, ತನ್ನ ತಂಡವನ್ನು ತಾನೇ ನೋಡಿಕೊಳ್ಳುತ್ತೇನೆ ಎಂದ. ಜಾಹೇದಾಳ ಮುಖ ಇಳಿಯಿತು. ಅವನು ಡಾನಿಲೋಗೆ ಮೊದಲೇ ಹೇಳಿಟ್ಟಿದ್ದ. ಲೀಗಿನಲ್ಲಿ ಒಂದು ಜಾಗ ಹೆಚ್ಚಾಗಿತ್ತು. ಹೊಸ ತಂಡ, ಹೊಸ ಪಾಸ್‌ವರ್ಡು.

“ಪಾಸ್‌ವರ್ಡ್ ನೀನೇ ಹಾಕು. ನನಗ ಹೇಳಬ್ಯಾಡ,” ಎಂದು ಗೋಡೆಯ ಕಡೆ ತಿರುಗಿ ನಿಂತ.

ಅವನು ಹೋದ ದಿನ ಅವಳು ಸ್ಟೇಷನ್ನಿಗೆ ಹೋಗಲಿಲ್ಲ. ಅವನು ಮಲಗಿದ್ದ ಹಾಸಿಗೆ ಮಡಿಚಲು ಹೋದವಳು ಮಡಿಚದೆ ಹಾಗೇ ಬಿಟ್ಟಳು. ಎರಡು ದಿನ ಚಾಂದಬಿ ಅದನ್ನು ನೋಡಿಯೂ ನೋಡದಂತಿದ್ದಳು.

ಅಕ್ಟೋಬರಿನ ಕೊನೆಗೆ ಆಟಗಳು ಶುರುವಾದವು. ಮೊದಲ ಶುಕ್ರವಾರ ಅವಳು ಅಂಗಡಿಯಿಂದ ಬಂದು ಫೋನಿನ ಹತ್ತಿರ ಕೂತಳು. ಬೆಳಗ್ಗೆ ಅವನು ಒಬ್ಬ ಗಿಡ್ಡನೆಯ ಆಟಗಾರನನ್ನು ಕೈಬಿಟ್ಟಿದ್ದನ್ನು ನೋಡಿದ್ದಳು. ಹೀಗೆ ಬಿಟ್ಟವನನ್ನು ಎರಡು ದಿನ ಯಾರೂ ಎತ್ತಿಕೊಳ್ಳುವಂತಿಲ್ಲ. ಆ ಗಿಡ್ಡನೆಯವನನ್ನು ಎತ್ತಿಕೊಳ್ಳಲು ಭಾನುವಾರ ಅಂಗಡಿ ತೆರೆಯುವ ಮೊದಲೇ ಹೋಗಿ ನಿಲ್ಲಬೇಕೆಂದುಕೊಂಡಿದ್ದಳು.

ಫೋನು ಬಂತು. ಊಟ ಆಯಿತೇ ಎಂದ. ಆಯಿತು ಎಂದಳು. ನಿನ್ನ ಧ್ವನಿ ಯಾಕೋ ಕಟ್ಟಿದೆ ಎಂದ. ನೆಗಡಿ ಎಂದಳು. ಕಷಾಯ ಕುಡಿ ಎಂದ. ಅಮ್ಮಿ ಮಾಡಿ ಕೊಟ್ಟಿದ್ದಾರೆ ಎಂದು ಚಾಂದಬಿಯ ಮಂಚದ ಕಡೆ ನೋಡಿದಳು.

“ಈ ವಾರ ಯಾರನ್ನ ತಗೋತಿ?”

“ಅದನ್ನ ನಿಮಗ್ಯಾಕ ಹೇಳಲಿ? ನೀವು ಎದುರಿನವರು.”

ಅವನು ನಕ್ಕ. ಅವಳೂ ನಕ್ಕಳು.  ಅವನ ಹಿಂದೆ ಯಾರೋ ಬೇಗ ಮುಗಿಸು ಎಂದು ಉರ್ದುವಿನಲ್ಲಿ ಗೊಣಗಿದ್ದು ಕೇಳಿಸಿತು.

“ಜಾಹೇದಾ.”

“ಹೇಳ್ರಿ.”

“ಏನಿಲ್ಲ. ಹಂಗ ಹಿಡಕೊಂಡಿರು. ಕಾರ್ಡ್ ಇನ್ನೂ ಮುಗದಿಲ್ಲ.”

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಕಿಟಕಿಯಿಂದಾಚೆ ರಸ್ತೆಯಲ್ಲಿ ದರ್ಗಾದ ಕಡೆ ಹೋಗುವವರನ್ನು ನೋಡುತ್ತ ನಿಂತಳು.